ಐದು ತಲೆಬುರುಡೆ ಇಟ್ಟುಕೊಂಡು "ಒಂದೇ ಪ್ರಭೇದ" ಎನ್ನಬಹುದೇ? ದ್ಮನಿಸಿ ಅಂಕಿಗಳ ಲೆಕ್ಕಾಚಾರ

ಶಾಲ್ಮಲಾ

ಜಾರ್ಜಿಯಾ ದೇಶದ ದ್ಮನಿಸಿಯಲ್ಲಿ ಸಿಕ್ಕ, ಸುಮಾರು 17.7 ಲಕ್ಷ ವರ್ಷ ಹಿಂದಿನ ಐದು ತಲೆಬುರುಡೆಗಳ ಮೇಲೆ ಎಂಎಸ್ಸಿ ಪ್ರಬಂಧದ ಒಂದು ಅಧ್ಯಾಯ ಬರೆಯುತ್ತಿದ್ದೇನೆ. ಮಿದುಳಿನ ಗಾತ್ರಗಳು (ಸಿಸಿಯಲ್ಲಿ): 1ನೇ ಬುರುಡೆ 730, 2ನೇದು 650, 3ನೇದು 601, 4ನೇದು 641, 5ನೇದು 546. ಸರಾಸರಿ 633.6, ಮಾನಕ ವಿಚಲನೆ 67.7. ಸಿವಿ ಅಂದರೆ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದ್ದು, ಅದು 10.7. ಗಂಡು ಹೆಣ್ಣು ಸೇರಿಸಿದ ಗೊರಿಲ್ಲಾ ಗುಂಪಿನಲ್ಲಿ ಇದು ಹೆಚ್ಚುಕಡಿಮೆ 13 ಇರುತ್ತದೆ. ಅದಕ್ಕಿಂತ ಕಡಿಮೆ ಬಂದಿರುವುದರಿಂದ "ಐದೂ ಒಂದೇ ಪ್ರಭೇದ ಎಂದು ಸಾಬೀತಾಗಿದೆ" ಅಂತ ಬರೆದೆ. ಮಾರ್ಗದರ್ಶಕರು "ಸಾಬೀತು" ಶಬ್ದದ ಕೆಳಗೆ ಕೆಂಪು ಗೆರೆ ಎಳೆದು ವಾಪಸ್ ಕೊಟ್ಟರು. ಲೆಕ್ಕದಲ್ಲಿ ಏನಾದರೂ ತಪ್ಪಿದೆಯೇ, ಅಥವಾ ವಾಕ್ಯದಲ್ಲಿ ಮಾತ್ರವೇ? ಬೂಟ್‌ಸ್ಟ್ರ್ಯಾಪ್ (ಇರುವ ಅಂಕಿಗಳಿಂದಲೇ ಮತ್ತೆಮತ್ತೆ ಎತ್ತಿ ಲೆಕ್ಕ ಹಾಕುವುದು) ಮಾಡಿ ವಿಶ್ವಾಸ ವ್ಯಾಪ್ತಿ (ನಿಜ ಬೆಲೆ ಇರಬಹುದಾದ ಹರವು) ಕೊಟ್ಟರೆ ಸಾಕಾಗುತ್ತದೆಯೇ?

ಎಣಿಕೆಮನೆ

ಕೂಡು-ಕಳೆ ಸರಿಯಾಗಿದೆ. ಆದರೆ ಎರಡು ಕೆಲಸ ಬಾಕಿ ಇವೆ.

ಮೊದಲನೆಯದು ಸಣ್ಣದು. ಮಾದರಿ ಚಿಕ್ಕದಿದ್ದಾಗ ಸಿವಿ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಅದಕ್ಕೆ (1 + 1/4ಎನ್) ಎಂಬ ಗುಣಕ ಹಾಕುವುದು ರೂಢಿ; ಎನ್ ಅಂದರೆ ಮಾದರಿ ಸಂಖ್ಯೆ. ಐದು ಮಾದರಿಗೆ 1 + 1/20, ಅಂದರೆ 1.05. ನಿಮ್ಮ 10.7 ಈಗ 11.2 ಆಯಿತು. ಇದರಿಂದ ಯಾವ ತೀರ್ಮಾನವೂ ಬದಲಾಗುವುದಿಲ್ಲ, ಆದರೂ ಹಾಕಿ; ಹಾಕದಿದ್ದರೆ ಪರೀಕ್ಷಕರು ಮೊದಲು ಹಿಡಿಯುವುದು ಅದನ್ನೇ.

ಎರಡನೆಯದು ದೊಡ್ಡದು. ಆ 10.7ರ ಸುತ್ತ ಎಷ್ಟು ಅನಿಶ್ಚಿತತೆ ಇದೆ ಅಂತ ನೀವು ಬರೆದೇ ಇಲ್ಲ. ಗಾತ್ರಗಳ ಹಂಚಿಕೆ ಸುಮಾರಾಗಿ ಸಹಜ ವಕ್ರರೇಖೆಯಂತಿದೆ ಎಂದುಕೊಂಡರೆ, ಮಾನಕ ವಿಚಲನೆಯ ವ್ಯಾಪ್ತಿಯನ್ನು ಕೈ-ವರ್ಗ (ಕೈ-ಸ್ಕ್ವೇರ್) ಕೋಷ್ಟಕದಿಂದಲೇ ತೆಗೆಯಬಹುದು. ಐದು ಮಾದರಿಗೆ ಸ್ವಾತಂತ್ರ್ಯ ಮಟ್ಟ (ಮಾದರಿ ಸಂಖ್ಯೆಗಿಂತ ಒಂದು ಕಡಿಮೆ) 4. ಶೇ 95 ವಿಶ್ವಾಸಕ್ಕೆ ಕೋಷ್ಟಕದ ಎರಡು ತುದಿಗಳು 0.484 ಮತ್ತು 11.143. ಕೆಳಗಿನ ಮಿತಿ 67.7 × √(4/11.143) = 40.6. ಮೇಲಿನ ಮಿತಿ 67.7 × √(4/0.484) = ಸುಮಾರು 195. ಎರಡನ್ನೂ ಸರಾಸರಿಯಿಂದ ಭಾಗಿಸಿ ನೋಡಿ: ಸಿವಿ 6.4ರಿಂದ 30.7ರವರೆಗೆ ಎಲ್ಲಿ ಬೇಕಾದರೂ ಇರಬಹುದು.

6.4 ಅಂದರೆ ಯಾವ ಒಂದೇ ಊರಿನ ಮನುಷ್ಯರಿಗಿಂತಲೂ ಏಕರೂಪ. 30 ಅಂದರೆ ಎರಡು-ಮೂರು ಪ್ರಭೇದ ಬೆರೆಸಿದಂಥ ಹರವು. ನಿಮ್ಮ ಐದು ಅಂಕಿಗಳು ಇದರಲ್ಲಿ ಯಾವುದನ್ನೂ ತಳ್ಳಿಹಾಕುವುದಿಲ್ಲ. ಕೆಂಪು ಗೆರೆ ಬಿದ್ದದ್ದು ಅದಕ್ಕೆ.

ಹಳೆಮೂಳೆ

ಅಂಕಿಅಂಶಕ್ಕೆ ಹೋಗುವ ಮುಂಚೆ ಆ ಐದು ಅಂಕಿಗಳನ್ನೇ ಒಮ್ಮೆ ಕೆದಕಿ. 1ನೇ ಬುರುಡೆಗೆ (ಸಂಗ್ರಹ ಸಂಖ್ಯೆ ಡಿ2280) ಹಳೆಯ ಪ್ರಕಟಣೆಗಳಲ್ಲಿ 775 ಸಿಸಿ ಅಂತ ಇದೆ. 730 ಎನ್ನುವುದು ಆಮೇಲೆ ತಿದ್ದಿದ ಅಂಕಿ. ಉಳಿದ ನಾಲ್ಕನ್ನು ಹಾಗೇ ಇಟ್ಟು ಇದೊಂದನ್ನು 775 ಮಾಡಿ ನೋಡಿ. ಸರಾಸರಿ 642.6, ವಿಚಲನೆ 84.6, ಸಿವಿ 13.2. ಒಂದೇ ಬುರುಡೆಯ ಒಂದೇ ಅಂದಾಜು 45 ಸಿಸಿ ಅತ್ತಿತ್ತ ಆದರೆ ಸಿವಿ 10.7ರಿಂದ 13.2ಕ್ಕೆ ಜಿಗಿಯುತ್ತದೆ! "ಗೊರಿಲ್ಲಾಕ್ಕಿಂತ ಕಡಿಮೆ" ಎಂಬ ನಿಮ್ಮ ವಾಕ್ಯ ಅಲ್ಲಿಗೇ ಬಿದ್ದುಹೋಯಿತು.

ಮಾದರಿ ಚಿಕ್ಕದಾದಷ್ಟೂ ಅಳತೆಯ ದೋಷ ಕಾಡುತ್ತದೆ. ಇನ್ನೂರು ಬುರುಡೆ ಇದ್ದರೆ ಒಂದರ 45 ಸಿಸಿ ಕಾಣಿಸುವುದೇ ಇಲ್ಲ. ಹಳೆಯ ಅಂದಾಜುಗಳಲ್ಲಿ ಕೆಲವು ಬುರುಡೆಯೊಳಗೆ ಸಾಸಿವೆಯಂಥ ಕಾಳು ತುಂಬಿ ಅಳೆದವು, ಕೆಲವು ಬುರುಡೆಯ ಒಳಗಿನ ಟೊಳ್ಳಿನ ಅಚ್ಚನ್ನು ನೀರಲ್ಲಿ ಮುಳುಗಿಸಿ ಅಳೆದವು, ಹೊಸವು ಸಿಟಿ ಸ್ಕ್ಯಾನ್‌ನಿಂದ ಬಂದವು. ಮೂರನ್ನೂ ಒಂದೇ ಕಾಲಂನಲ್ಲಿ ಬೆರೆಸಬೇಡಿ. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ ಎಲ್‌ಬಿ1 ಬುರುಡೆಗೇ 2004ರಲ್ಲಿ 380 ಸಿಸಿ ಎಂದಿದ್ದರು, ಮರುವರ್ಷ 417, 2013ರ ಸೂಕ್ಷ್ಮ ಸಿಟಿಯಲ್ಲಿ 426. ಬುರುಡೆ ಅದೇ.

ಅಂದಹಾಗೆ 3ನೇ ಬುರುಡೆ (ಡಿ2700) ಇನ್ನೂ ಪೂರ್ತಿ ಬೆಳೆಯದ ಹದಿಹರೆಯದವರದು. ಆ ವಯಸ್ಸಿಗೆ ಮಿದುಳು ಬಹುತೇಕ ಬೆಳೆದಿರುತ್ತದೆ, ಹಾಗಾಗಿ 601ಕ್ಕೆ ಹೆಚ್ಚು ಧಕ್ಕೆ ಇಲ್ಲ. ಆದರೆ ಮುಖದ ಅಳತೆ ತೆಗೆದುಕೊಂಡರೆ ಅದನ್ನು ವಯಸ್ಕರ ಜೊತೆ ಸೇರಿಸುವಂತಿಲ್ಲ. 4ನೇದು (ಡಿ3444) ಹಲ್ಲೆಲ್ಲ ಉದುರಿ ದವಡೆ ಸವೆದ ವೃದ್ಧರದು. ಅಲ್ಲಿ ದವಡೆಯ ಎತ್ತರ ಅಳೆದರೆ ಸವಕಳಿಯನ್ನು ಅಳೆದಂತೆ. ಹೀಗೆ ಐದು ಅಂದದ್ದು ಅಳತೆಗೆ ತಕ್ಕಂತೆ ನಾಲ್ಕಾಗುತ್ತದೆ, ಮೂರಾಗುತ್ತದೆ.

ಗುಂಡುಕಲ್ಲು

ಬೂಟ್‌ಸ್ಟ್ರ್ಯಾಪ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಹತ್ತು ಸಾವಿರ ಸಲ ಮರು-ಆಯ್ಕೆ ಮಾಡಿದರೆ ಸಾಕಲ್ಲವೇ? ಹಂಚಿಕೆ ಸಹಜ ವಕ್ರ ಅಂತ ಊಹಿಸುವ ಗೊಡವೆಯೂ ಇರುವುದಿಲ್ಲ.

ಎಣಿಕೆಮನೆ

ಐದು ಅಂಕಿಗಳಿಂದ ಮರಳಿ ಹಾಕುತ್ತಾ ಐದನ್ನು ಎತ್ತಿದರೆ ಬರಬಹುದಾದ ಬೇರೆಬೇರೆ ಗುಂಪುಗಳು ಬರೀ 126. ಮೂರು ಅಂಕಿಗಳಾದರೆ ಬರೀ 10. ಹತ್ತು ಸಾವಿರ ಸಲ ತಿರುಗಿಸಿದರೂ ಆ 126ರಲ್ಲೇ ಸುತ್ತುತ್ತೀರಿ. 546ಕ್ಕಿಂತ ಚಿಕ್ಕದು, 730ಕ್ಕಿಂತ ದೊಡ್ಡದು ಎಂದೂ ಬರುವುದಿಲ್ಲ. ಮೇಲಾಗಿ ಮರು-ಆಯ್ಕೆಯ ವೇರಿಯನ್ಸ್ (ವಿಚಲನೆಯ ವರ್ಗ) ಸರಾಸರಿಯಲ್ಲಿ ಮೂಲದ ಐದರಲ್ಲಿ ನಾಲ್ಕು ಭಾಗಕ್ಕೆ ಕುಗ್ಗುತ್ತದೆ. ಹಾಗಾಗಿ ಬರುವ ವ್ಯಾಪ್ತಿ ನಿಜಕ್ಕಿಂತ ಕಿರಿದಾಗಿರುತ್ತದೆ, ನೋಡಲು ಚೆಂದ ಕಾಣುತ್ತದೆ. ಪಳೆಯುಳಿಕೆ ಮಾದರಿಯನ್ನೇ ಬೂಟ್‌ಸ್ಟ್ರ್ಯಾಪ್ ಮಾಡುವುದು ಹತ್ತು-ಹದಿನೈದು ಮಾದರಿಗಿಂತ ಕೆಳಗೆ ನನ್ನ ದೃಷ್ಟಿಯಲ್ಲಿ ದಂಡ.

ಮರು-ಆಯ್ಕೆ ಮಾಡಬೇಕಾದ್ದು ಆಧಾರ ಮಾದರಿಯಿಂದ, ಅಂದರೆ ಪ್ರಭೇದ ಯಾವುದೆಂದು ಗೊತ್ತಿರುವ ಗೊರಿಲ್ಲಾ, ಚಿಂಪಾಂಜಿ, ಮನುಷ್ಯ ಬುರುಡೆಗಳಿಂದ. ಆಗ ಪ್ರಶ್ನೆಯೇ ಬೇರೆಯಾಗುತ್ತದೆ: "ಒಂದೇ ಪ್ರಭೇದದಿಂದ ಕಣ್ಣುಮುಚ್ಚಿ ಐದು ಬುರುಡೆ ಎತ್ತಿದರೆ, ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಎಷ್ಟು ಸಲ ಬರುತ್ತದೆ?"

ಮಾಡುವ ಕ್ರಮ ಹೀಗೆ. ಆರ್ ಎಂಬ ಅಂಕಿಅಂಶ ತಂತ್ರಾಂಶದಲ್ಲಾದರೆ ಇಪ್ಪತ್ತು ಸಾಲಿನ ಕೆಲಸ, ಎಕ್ಸೆಲ್‌ನಲ್ಲೂ ಸಾಧ್ಯ ಆದರೆ ಬೇಸರ ಬರುತ್ತದೆ.

ಮೊದಲು ಯಾವ ಅಳತೆಗೋಲು ಎಂದು ತೀರ್ಮಾನಿಸಿ ಬರೆದಿಡಿ: ಸಿವಿ, ಇಲ್ಲವೇ ಗರಿಷ್ಠ ಭಾಗಿಸು ಕನಿಷ್ಠ. ಫಲಿತಾಂಶ ನೋಡಿದ ಮೇಲೆ ಆರಿಸುವಂತಿಲ್ಲ. ಆಮೇಲೆ ಆಧಾರ ಗುಂಪಿನಿಂದ ಐದನ್ನು ಎತ್ತಿ. ಗಂಡೋ ಹೆಣ್ಣೋ ಎಂಬುದನ್ನು ಪ್ರತಿ ಸಲ ಸಮ ಸಂಭವದಲ್ಲಿ ಮೊದಲು ನಿರ್ಧರಿಸಿ, ನಂತರ ಆ ಲಿಂಗದ ಪಟ್ಟಿಯಿಂದ ಒಂದನ್ನು ಎತ್ತಿ. ಮ್ಯೂಸಿಯಂ ಸಂಗ್ರಹಗಳಲ್ಲಿ ಬೇಟೆಯಾಡಿ ತಂದ ಗಂಡು ಗೊರಿಲ್ಲಾಗಳೇ ಜಾಸ್ತಿ ಇರಬಹುದು. ನೇರ ಪಟ್ಟಿಯಿಂದ ಎತ್ತಿದರೆ ವ್ಯತ್ಯಾಸ ಕಡಿಮೆ ಬಂದುಬಿಡುತ್ತದೆ. ಪಶ್ಚಿಮದ ಗೊರಿಲ್ಲಾ, ಪೂರ್ವದ ಗೊರಿಲ್ಲಾ ಬೇರೆ ಪ್ರಭೇದಗಳು, ಕಲಸಬೇಡಿ. ಪ್ರತಿ ಸಲದ ಸಿವಿ ಬರೆದಿಟ್ಟು ಹತ್ತು ಸಾವಿರ ಸಲ ಮಾಡಿ. ಪಳೆಯುಳಿಕೆಯ ಸಿವಿಯಷ್ಟು ಅಥವಾ ಹೆಚ್ಚು ಬಂದದ್ದು ಎಷ್ಟು ಸಲ ಎಂದು ಎಣಿಸಿ, ಅದಕ್ಕೆ 1 ಕೂಡಿಸಿ 10,001ರಿಂದ ಭಾಗಿಸಿ. ಅದೇ ಪಿ ಮೌಲ್ಯ. ಆ 1 ಕೂಡಿಸದಿದ್ದರೆ ಕೆಲವೊಮ್ಮೆ ಪಿ ಸೊನ್ನೆ ಬರುತ್ತದೆ, ಸೊನ್ನೆ ಎಂಬ ಪಿ ಇಲ್ಲ.

ಶಾಲ್ಮಲಾ

ಇದರಲ್ಲಿ ಪಿ, ತಳ್ಳಿಹಾಕಲು ರೂಢಿಯಲ್ಲಿರುವ 0.05ರ ಗೆರೆಗಿಂತ ಎಷ್ಟೋ ಮೇಲೆ ಬರುತ್ತದೆ, ಅದು ನೋಡಿದರೇ ಗೊತ್ತಾಗುತ್ತದೆ. ಹಾಗಾದರೆ ಒಂದೇ ಪ್ರಭೇದ ಎನ್ನಬಹುದಲ್ಲ?

ಎಣಿಕೆಮನೆ

ಇಲ್ಲ. ಒಂದೇ ಪ್ರಭೇದ ಎಂಬುದನ್ನು ತಳ್ಳಿಹಾಕಲು ಆಗಲಿಲ್ಲ ಎನ್ನಬಹುದು. ತಳ್ಳಿಹಾಕುವ ಶಕ್ತಿ ಈ ಪರೀಕ್ಷೆಗೆ ಇತ್ತೇ ಎಂಬುದನ್ನು ಬೇರೆಯಾಗಿ ತೋರಿಸಬೇಕು. ಕೈಲೆಕ್ಕದಲ್ಲೇ ತೋರಿಸುತ್ತೇನೆ.

ಆಧಾರ ಪ್ರಭೇದದ ನಿಜ ಸಿವಿ 12 ಇದೆ ಎಂದಿಟ್ಟುಕೊಳ್ಳಿ. ಐದರ ಮಾದರಿಯಲ್ಲಿ ಶೇ 5ರ ಮಟ್ಟದಲ್ಲಿ ತಳ್ಳಿಹಾಕಬೇಕಾದರೆ ಕೈ-ವರ್ಗದ ಮೇಲ್ತುದಿ 9.488, √(9.488/4) = 1.54, ಅಂದರೆ ಸಿವಿ 18.5 ದಾಟಬೇಕು.

ಈಗ ನಿಜವಾಗಿಯೂ ಎರಡು ಪ್ರಭೇದ ಬೆರೆತ ಗುಂಪು ಮಾಡೋಣ. ಒಂದರ ಸರಾಸರಿ 550 ಸಿಸಿ, ಇನ್ನೊಂದರದು 700, ಪ್ರತಿಯೊಂದರೊಳಗಿನ ವಿಚಲನೆ 56. ಅರ್ಧರ್ಧ ಬೆರೆಸಿದರೆ ಒಟ್ಟು ವೇರಿಯನ್ಸ್ 75ರ ವರ್ಗ ಕೂಡಿಸು 56ರ ವರ್ಗ, 8761. ವಿಚಲನೆ 93.6, ಸರಾಸರಿ 625, ಸಿವಿ 15. ಎರಡು ಪ್ರಭೇದ ಅಂತ ನಾವೇ ಕೈಯಾರೆ ಬೆರೆಸಿದರೂ ನಿರೀಕ್ಷಿತ ಸಿವಿ 18.5ರ ಗೆರೆಯ ಕೆಳಗೇ ನಿಲ್ಲುತ್ತದೆ. ಐದು ಬುರುಡೆಯಿಂದ ಇದನ್ನು ಹಿಡಿಯುವ ಸಂಭವ ಹೆಚ್ಚೆಂದರೆ ಐದರಲ್ಲಿ ಒಂದು. ಉಳಿದ ನಾಲ್ಕು ಸಲ ನೀವು "ಒಂದೇ ಪ್ರಭೇದ" ಎಂದು ಬರೆದು ತಪ್ಪಾಗಿರುತ್ತೀರಿ.

ಆದ್ದರಿಂದ ಪ್ರಬಂಧದಲ್ಲಿ ಮೂರು ಅಂಕಿ ಇರಲಿ: ಸಿವಿ, ಅದರ ವ್ಯಾಪ್ತಿ, ಮತ್ತು ನೀವೇ ಆರಿಸಿದ ಎರಡು-ಪ್ರಭೇದ ಸನ್ನಿವೇಶದಲ್ಲಿ ಪರೀಕ್ಷೆಯ ಶಕ್ತಿ. ಮೂರನೆಯದನ್ನು ಪ್ರಕಟಿತ ಲೇಖನಗಳೇ ಎಷ್ಟೋ ಸಲ ಬಿಟ್ಟುಬಿಡುತ್ತವೆ, ಅದು ಬೇರೆ ಮಾತು.

ದವಡೆಹಲ್ಲು

ಇದರ ತದ್ವಿರುದ್ಧ ತಪ್ಪೂ ಇದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೀನ್ಯಾದ ಕೂಬಿ ಫೋರಾದ ಎರಡು ಬುರುಡೆಗಳು: 1972ರಲ್ಲಿ ಸಿಕ್ಕ ಕೆಎನ್‌ಎಂ-ಇಆರ್ 1470, ಮರುವರ್ಷ ಸಿಕ್ಕ 1813. ಗಾತ್ರ 752 ಮತ್ತು 510 ಸಿಸಿ. ಇವೆರಡೂ ಹೋಮೋ ಹ್ಯಾಬಿಲಿಸ್ ಎಂಬ ಒಂದೇ ಆದಿಮಾನವ ಪ್ರಭೇದದ ಗಂಡು-ಹೆಣ್ಣೋ, ಬೇರೆ ಪ್ರಭೇದಗಳೋ ಎಂಬ ವಾದದಲ್ಲಿ 1988ರಲ್ಲಿ ಲೀಬರ್‌ಮನ್, ಪಿಲ್‌ಬೀಮ್, ವುಡ್ ಮೂವರೂ ಗೊರಿಲ್ಲಾ ಜೋಡಿಗಳ ಜೊತೆ ಸಂಭವ ಲೆಕ್ಕ ಹಾಕಿದರು. ದಾರಿ ಒಳ್ಳೆಯದೇ. ಆದರೆ ಅದನ್ನು ಅನುಕರಿಸುವವರು ಒಂದು ಕಡೆ ಜಾರುತ್ತಾರೆ.

ಸರಾಸರಿ 631, ಸಿವಿ 10 ಎಂದರೆ ವಿಚಲನೆ 63. ವ್ಯತ್ಯಾಸ 242 ಸಿಸಿ, ಅಂದರೆ 3.8 ವಿಚಲನೆ. ಯಾದೃಚ್ಛಿಕವಾಗಿ ಎತ್ತಿದ ಜೋಡಿಗೆ ಇಷ್ಟು ಅಂತರ ಬರುವ ಸಂಭವ 0.007. "ಬೇರೆ ಪ್ರಭೇದ!" ಎಂದು ಕೂಗುವುದು ಇಲ್ಲಿಂದ. ಆದರೆ ಈ ಜೋಡಿಯನ್ನು ಯಾರೂ ಯಾದೃಚ್ಛಿಕವಾಗಿ ಎತ್ತಿಲ್ಲ. ಇರುವ ಬುರುಡೆಗಳಲ್ಲಿ ಅತಿ ದೊಡ್ಡದು, ಅತಿ ಚಿಕ್ಕದು ಎಂದೇ ಆರಿಸಿದ್ದು. ಹೋಲಿಸಬಹುದಾದ ಬುರುಡೆ ಆರು ಇದ್ದವು ಎಂದುಕೊಂಡರೆ, ಆರರ ಗರಿಷ್ಠ-ಕನಿಷ್ಠ ಅಂತರವೇ ಸರಾಸರಿ 2.5 ವಿಚಲನೆ ಇರುತ್ತದೆ. ಅದೇ 3.8ಕ್ಕೆ ಈಗ ಸಂಭವ 0.07ರ ಆಸುಪಾಸು. ಬುರುಡೆ ಬದಲಾಗಲಿಲ್ಲ, ಅಂತರ ಬದಲಾಗಲಿಲ್ಲ, ಎಷ್ಟರಲ್ಲಿ ಆರಿಸಿದಿರಿ ಎಂಬುದನ್ನು ಲೆಕ್ಕಕ್ಕೆ ಹಿಡಿದದ್ದಷ್ಟೇ.

ಸಿವಿ 10ರ ಬದಲು 15 ಎಂದುಕೊಂಡರೆ ಯಾದೃಚ್ಛಿಕ ಜೋಡಿಗೂ 0.07 ಬರುತ್ತದೆ. ಹಾಗಾಗಿ ಯಾವ ಆಧಾರ ಪ್ರಭೇದ ಎಂಬ ಆಯ್ಕೆಯೇ ಅರ್ಧ ಉತ್ತರ.

ಇನ್ನೊಂದು, ಇವೆರಡು ಬೇರೆ ಪ್ರಭೇದ ಎನ್ನುವವರು ಬರೀ ಗಾತ್ರದ ಮೇಲೆ ನಿಂತಿಲ್ಲ. 1470ರ ಮುಖ ಚಪ್ಪಟೆ, ಅಗಲ. 1813ರ ಮುಖದ ವಿನ್ಯಾಸವೇ ಬೇರೆ. ಗಂಡು-ಹೆಣ್ಣಿನ ವ್ಯತ್ಯಾಸ ಮನುಷ್ಯ, ವಾನರಗಳಲ್ಲಿ ಯಾವ ರೀತಿ ಹೋಗುತ್ತದೋ ಇಲ್ಲಿ ಆ ರೀತಿ ಹೋಗಿಲ್ಲ ಎಂಬುದು ಅವರ ವಾದ. ಗಾತ್ರದ ಸಿವಿಗೆ ಅದನ್ನು ಹೇಳುವ ಬಾಯಿಯೇ ಇಲ್ಲ.

ಗುಂಡುಕಲ್ಲು

ದ್ಮನಿಸಿಯಲ್ಲೂ ಅದೇ ಅಲ್ಲವೇ? 5ನೇ ಬುರುಡೆ (ಡಿ4500) ಮಿದುಳಲ್ಲಿ ಎಲ್ಲಕ್ಕಿಂತ ಚಿಕ್ಕದು, ಮುಖ ಮಾತ್ರ ದೊಡ್ಡದು. ಅದರ ಕೆಳದವಡೆ ಡಿ2600 ಮೊದಲೇ ಒಂಟಿಯಾಗಿ ಸಿಕ್ಕಿದಾಗ ಅದರ ಮೇಲೇ 2002ರಲ್ಲಿ ಹೋಮೋ ಜಾರ್ಜಿಕಸ್ ಎಂಬ ಹೆಸರು ಕೊಟ್ಟಿದ್ದರು. 2013ರಲ್ಲಿ ಲಾರ್ಡ್‌ಕಿಪಾನಿದ್ಜೆ ತಂಡ ಐದರ ಆಕಾರ ವ್ಯತ್ಯಾಸ ಇಂದಿನ ಮನುಷ್ಯರೊಳಗಿನ, ಚಿಂಪಾಂಜಿಗಳೊಳಗಿನ ವ್ಯತ್ಯಾಸದಷ್ಟೇ ಇದೆ ಎಂದಿತು. ಆಕಾರ ವಿಶ್ಲೇಷಣೆ ಸೇರಿಸಿದರೆ ಶಾಲ್ಮಲಾ ಅವರ ಅಧ್ಯಾಯ ಗಟ್ಟಿಯಾಗುತ್ತದೆ.

ಚಿಕ್ಕಮಾದರಿ

ಆಗ್ತದ್ರೀ, ಆದ್ರ ಅಲ್ಲೊಂದು ಹಳ್ಳ ಐತಿ, ನೋಡಿಕೊಂಡು ಕಾಲಿಡಬೇಕು.

ಬುರುಡೆಯ ಮೇಲೆ 40 ಗುರುತು-ಬಿಂದು ಇಟ್ಟರೆ ಮೂರು ಆಯಾಮದಲ್ಲಿ 120 ಅಂಕಿ. ಜಾಗ, ತಿರುವು, ಗಾತ್ರ ಸರಿಹೊಂದಿಸಿ 7 ಕಳೆದರೆ 113. ಮಾದರಿ ಐದು. ಪ್ರಧಾನ ಘಟಕ ವಿಶ್ಲೇಷಣೆ (ಹಲವು ಅಳತೆಗಳನ್ನು ಕೆಲವೇ ಮುಖ್ಯ ಅಕ್ಷಗಳಿಗೆ ಇಳಿಸುವುದು) ಮಾಡಿದರೆ ಐದು ಬಿಂದುಗಳಿಂದ ಹೊರಡುವುದು ನಾಲ್ಕೇ ಅಕ್ಷ. ಅಲ್ಲಿಗೇನೂ ತೊಂದರೆ ಇಲ್ಲ, ಅದು ಬರೀ ಚಿತ್ರ. ತೊಂದರೆ ಬರುವುದು ಗುಂಪುಗಳನ್ನು ಮೊದಲೇ ಹೇಳಿಕೊಟ್ಟು ಬೇರ್ಪಡಿಸುವ ವಿಧಾನಗಳಲ್ಲಿ. ಗುಂಪು-ನಡುವಣ ಪ್ರಧಾನ ಘಟಕ ವಿಶ್ಲೇಷಣೆ ಬಹಳ ಕಾಲ "ಸಣ್ಣ ಮಾದರಿಗೆ ಸುರಕ್ಷಿತ" ಎಂದು ಬಳಕೆಯಲ್ಲಿತ್ತು. 2019ರಲ್ಲಿ ಕಾರ್ಡಿನಿ, ಓಹಿಗ್ಗಿನ್ಸ್, ರೋಲ್ಫ್ ಒಂದು ಕಡೆ, ಬುಕ್‌ಸ್ಟೈನ್ ಇನ್ನೊಂದು ಕಡೆ ತೋರಿಸಿದರು: ಪೂರಾ ಒಂದೇ ಹಂಚಿಕೆಯಿಂದ ತೆಗೆದ, ಯಾವ ವ್ಯತ್ಯಾಸವೂ ಇಲ್ಲದ ಅಂಕಿಗಳಿಗೆ ಸುಮ್ಮನೆ ಗುಂಪಿನ ಹೆಸರು ಅಂಟಿಸಿದರೂ, ಚರಗಳು ಮಾದರಿಗಿಂತ ಹೆಚ್ಚಿದ್ದರೆ ಚಿತ್ರದಲ್ಲಿ ಗುಂಪುಗಳು ಚೆಂದವಾಗಿ ಬೇರೆಬೇರೆ ಕೂರುತ್ತವೆ.

ಪರೀಕ್ಷಿಸಿಕೊಳ್ಳುವುದು ಸುಲಭ. ನಿಮ್ಮ ಅಂಕಿಗಳನ್ನು ಹಾಗೇ ಇಟ್ಟು ಗುಂಪಿನ ಹೆಸರುಗಳನ್ನು ಮಾತ್ರ ಕಲಸಿ, ಅದೇ ಚಿತ್ರ ಮತ್ತೆ ತೆಗೆಯಿರಿ. ಹೆಸರು ಕಲಸಿದ ಮೇಲೂ ಗುಂಪುಗಳು ದೂರದೂರ ಕಂಡರೆ ಮೊದಲ ಚಿತ್ರಕ್ಕೆ ಬೆಲೆ ಇಲ್ಲ. ಜೊತೆಗೆ ಒಂದೊಂದೇ ಮಾದರಿಯನ್ನು ಹೊರಗಿಟ್ಟು, ಉಳಿದವುಗಳಿಂದ ಅಕ್ಷ ಕಟ್ಟಿ, ಹೊರಗಿಟ್ಟದ್ದನ್ನು ಆಮೇಲೆ ಇಳಿಸಿ ನೋಡಿ.

ಐದು ಬುರುಡೆಗೆ ನಾನು ಹೇಳುವುದು ಇಷ್ಟು: ಅಕ್ಷಗಳನ್ನು ಆಧಾರ ಗುಂಪಿನಿಂದ ಮಾತ್ರ ಕಟ್ಟಿ, ಪಳೆಯುಳಿಕೆಗಳನ್ನು ಆಮೇಲೆ ಅದರೊಳಗೆ ಕೂರಿಸಿ. ಐದರ ನಡುವಿನ ಹತ್ತು ಜೋಡಿ ದೂರಗಳ ಸರಾಸರಿ ತೆಗೆದು, ಆಧಾರದಿಂದ ಐದೈದು ಎತ್ತಿದಾಗ ಬರುವ ಸರಾಸರಿ ದೂರಗಳ ಜೊತೆ ಹೋಲಿಸಿ. ಆ ಹತ್ತು ದೂರಗಳನ್ನು ಹತ್ತು ಸ್ವತಂತ್ರ ಮಾದರಿ ಅಂತ ಎಣಿಸಿ ಟಿ-ಪರೀಕ್ಷೆ ಮಾಡಿಗೀಡೀರಿ! ಐದೇ ಬುರುಡೆಯಿಂದ ಬಂದದ್ದು ಅವು.

ದವಡೆಹಲ್ಲು

ಅದೇ ಸಾಲಿನಲ್ಲಿ: ಹಲ್ಲಿನ ಅಳತೆಯಲ್ಲೂ ಇದು ನಡೆಯುತ್ತದೆ. ಒಂದೇ ದವಡೆಯ ಎಡ-ಬಲ ಹಲ್ಲುಗಳನ್ನು ಎರಡು ವ್ಯಕ್ತಿ ಎಂದು ಎಣಿಸುವುದು. ಎರಡೂ ಇದ್ದರೆ ಸರಾಸರಿ ಮಾಡಿ ಒಂದು ಮಾಡಿ. ಮತ್ತೆ ಹಲ್ಲಿನ ಮುಂದು-ಹಿಂದಿನ ಉದ್ದ ಪಕ್ಕದ ಹಲ್ಲಿಗೆ ಉಜ್ಜಿ ಸವೆಯುತ್ತದೆ, ಕೆನ್ನೆ-ನಾಲಗೆ ದಿಕ್ಕಿನ ಅಗಲ ಅಷ್ಟಾಗಿ ಸವೆಯುವುದಿಲ್ಲ. ವಯಸ್ಸು ಬೆರೆತ ಸಣ್ಣ ಮಾದರಿಗೆ ಅಗಲವೇ ನಂಬಿಕಸ್ತ. ಕ್ಯಾಲಿಪರ್ 0.01 ಮಿ.ಮೀ. ತೋರಿಸುತ್ತದೆ ಎಂದು ಎರಡು ದಶಮಾಂಶ ಬರೆಯುವವರು, ಅದೇ ಹಲ್ಲನ್ನು ವಾರ ಬಿಟ್ಟು ಮತ್ತೆ ಅಳೆದು ಎಷ್ಟು ಬರುತ್ತದೆ ಎಂದು ಮೊದಲು ನೋಡಲಿ.

ಶಾಲ್ಮಲಾ

ಎರಡು ಗುಂಪು ಹೋಲಿಸುವಾಗ ಸಹಜ ವಕ್ರದ ಊಹೆ ಬೇಡವೆಂದು, ಅಂಕಿಗಳ ಬದಲು ಅವುಗಳ ಕ್ರಮಾಂಕ ಮಾತ್ರ ನೋಡುವ ಮ್ಯಾನ್-ವಿಟ್ನಿ ಪರೀಕ್ಷೆ ಬಳಸಬಹುದೇ? ಮೂರು ಬುರುಡೆ ಒಂದು ಕಡೆ, ನಾಲ್ಕು ಇನ್ನೊಂದು ಕಡೆ ಇದ್ದರೆ?

ಎಣಿಕೆಮನೆ

ಮಾಡುವ ಮುಂಚೆಯೇ ಫಲಿತಾಂಶ ಹೇಳಬಹುದು. ಏಳರಲ್ಲಿ ಮೂರನ್ನು ಆರಿಸುವ ವಿಧಾನ 35. ಮೂರೂ ದೊಡ್ಡವು ಒಂದೇ ಕಡೆ ಬಂದರೂ, ಎರಡೂ ದಿಕ್ಕು ಎಣಿಸಿದರೆ ಪಿ 2/35, ಅಂದರೆ 0.057. ಇದಕ್ಕಿಂತ ಕೆಳಗೆ ಬರಲು ದಾರಿಯೇ ಇಲ್ಲ. ಮೂರಕ್ಕೆ ಮೂರಾದರೆ 2/20, 0.1. ಗುಂಪುಗಳು ಒಂದಕ್ಕೊಂದು ಎಷ್ಟೇ ದೂರ ಇರಲಿ "ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ" ಎಂದೇ ಬರುತ್ತದೆ. ಹಾಗೆ ಬರೆದ ಲೇಖನ ಸಿಕ್ಕರೆ ಮೊದಲು ಮಾದರಿ ಸಂಖ್ಯೆ ನೋಡಿ. ನಾಲ್ಕಕ್ಕೆ ನಾಲ್ಕಾದರೆ 2/70, ಅಲ್ಲಿಂದ ಮುಂದೆ ಪ್ರಯೋಜನ ಉಂಟು.

ಒಂದೇ ಪಳೆಯುಳಿಕೆಯನ್ನು ಗುಂಪಿಗೆ ಹೋಲಿಸುವುದಾದರೆ ಝಡ್ ಅಂಕ (ಸರಾಸರಿಯಿಂದ ಎಷ್ಟು ವಿಚಲನೆ ದೂರ ಎಂಬುದು) ತೆಗೆದು 1.96 ದಾಟಿತೇ ಎಂದು ನೋಡುವುದು ಸಣ್ಣ ಗುಂಪಿಗೆ ಸಲ್ಲದು. ವ್ಯತ್ಯಾಸವನ್ನು ವಿಚಲನೆ ಗುಣಿಸು √(1 + 1/ಎನ್) ಇಂದ ಭಾಗಿಸಿ, ಎನ್−1 ಮಟ್ಟದ ಟಿ ಕೋಷ್ಟಕ ನೋಡಬೇಕು. ಆಧಾರದಲ್ಲಿ 20 ಇದ್ದರೆ ಗೆರೆ 2.14 ವಿಚಲನೆಗೆ ಹೋಗುತ್ತದೆ, 5 ಇದ್ದರೆ 3.04ಕ್ಕೆ. ನಿಯಾಂಡರ್ತಾಲ್ ಹಲ್ಲು-ಮೂಳೆಗಳ ಮೇಲೆ ಕೆಲಸ ಮಾಡುವ ಫ್ರೆಂಚರು ಇದನ್ನೇ ಟಿ ಬೆಲೆಯಿಂದ ಇನ್ನೊಮ್ಮೆ ಭಾಗಿಸಿ, −1ರಿಂದ +1ರೊಳಗೆ ಶೇ 95 ಬರುವಂತೆ ಮಾಡಿಕೊಂಡಿದ್ದಾರೆ. ಮಾದರಿ ಸಂಖ್ಯೆ ಬೇರೆಬೇರೆ ಇರುವ ಅಳತೆಗಳನ್ನು ಒಂದೇ ಚಿತ್ರದಲ್ಲಿ ತೋರಿಸಲು ಅನುಕೂಲ.

ಹಳೆಮೂಳೆ

ಗಂಡು-ಹೆಣ್ಣಿನ ವ್ಯತ್ಯಾಸದ ವಿಷಯ ಬಂದದ್ದಕ್ಕೆ: ಪಳೆಯುಳಿಕೆಯಲ್ಲಿ ಲಿಂಗ ಗೊತ್ತಿರುವುದಿಲ್ಲ. ಹಾಗಾಗಿ ಸರಾಸರಿಗಿಂತ ಮೇಲಿನವೆಲ್ಲ ಗಂಡು, ಕೆಳಗಿನವೆಲ್ಲ ಹೆಣ್ಣು ಎಂದು ಸೀಳಿ ಅನುಪಾತ ತೆಗೆಯುವ ರೂಢಿ ಇದೆ. ಗಂಡು-ಹೆಣ್ಣು ಒಂದೇ ಗಾತ್ರದ ಪ್ರಭೇದಕ್ಕೆ ಇದನ್ನು ಹಚ್ಚಿ ನೋಡಿ. ಸಹಜ ವಕ್ರದ ಮೇಲರ್ಧದ ಸರಾಸರಿ 0.8 ವಿಚಲನೆ ಮೇಲಿರುತ್ತದೆ, ಕೆಳಗಿನರ್ಧ ಅಷ್ಟೇ ಕೆಳಗೆ. ಸಿವಿ 10 ಇದ್ದರೆ 1.08 ಭಾಗಿಸು 0.92, ಅಂದರೆ 1.17. ಇಲ್ಲದ ವ್ಯತ್ಯಾಸ ಶೇ 17 ಎಂದು ಬಂತು. ಪ್ಲಾವ್‌ಕನ್ 1994ರಲ್ಲೇ ಇಂಥ ವಿಧಾನಗಳನ್ನೆಲ್ಲ ಹೋಲಿಸಿ, ನಿಜ ವ್ಯತ್ಯಾಸ ಕಡಿಮೆ ಇದ್ದ ಕಡೆ ಇವು ಹೆಚ್ಚಿಸಿ ಹೇಳುತ್ತವೆ ಎಂದು ತೋರಿಸಿದ್ದಾರೆ.

ಇಥಿಯೋಪಿಯಾದ ಹದಾರ್‌ನಲ್ಲಿ ಸಿಕ್ಕ ಮಾನವ ಪೂರ್ವಜ ಆಸ್ಟ್ರಲೋಪಿಥೆಕಸ್ ಅಫರೆನ್ಸಿಸ್‌ನ ಜಗಳವೂ ಇದರ ನೆಂಟ. 1974ರ ಲೂಸಿಯ ಅಸ್ಥಿಪಂಜರವನ್ನು ಅಚ್ಚಿನಂತೆ ಇಟ್ಟುಕೊಂಡು, ಎಎಲ್ 333 ನೆಲೆಯ ಬಿಡಿಬಿಡಿ ಮೂಳೆಗಳನ್ನೆಲ್ಲ ಒಂದೇ ಅಳತೆಗೆ ತಂದು ಮಾದರಿ ಹಿಗ್ಗಿಸಿದ್ದು ರೀನೋ, ಲವ್‌ಜಾಯ್ ತಂಡ (2003). ಅವರಿಗೆ ಬಂದ ಉತ್ತರ: ಲಿಂಗ ವ್ಯತ್ಯಾಸ ಇಂದಿನ ಮನುಷ್ಯರಷ್ಟೇ. 2005ರಲ್ಲಿ ಪ್ಲಾವ್‌ಕನ್ ಮತ್ತಿತರರು ತಗಾದೆ ತೆಗೆದರು. ಒಂದೇ ವ್ಯಕ್ತಿಯ ತೊಡೆಮೂಳೆ, ಮೊಣಕೈ, ಪಾದದ ಮೂಳೆ ಮೂರನ್ನೂ ಮೂರು ವ್ಯಕ್ತಿ ಎಂದು ಎಣಿಸಿದರೆ ಮಾದರಿ ದೊಡ್ಡದಾದಂತೆ ಕಾಣುತ್ತದೆ ಹೊರತು ಮಾಹಿತಿ ಹೆಚ್ಚುವುದಿಲ್ಲ. ಒಬ್ಬ ದೊಡ್ಡವನ ಮೂಳೆಗಳೇ ಹೆಚ್ಚು ಸಿಕ್ಕಿದ್ದರೆ ವ್ಯತ್ಯಾಸ ಕುಗ್ಗುತ್ತದೆ. 2008ರಲ್ಲಿ ಗಾರ್ಡನ್, ಗ್ರೀನ್, ರಿಚ್‌ಮಂಡ್ ಬೇರೆ ದಾರಿ ಹಿಡಿದರು: ಪಳೆಯುಳಿಕೆಯಲ್ಲಿ ಯಾವ ಅಳತೆ ಇಲ್ಲವೋ, ಹೋಲಿಕೆಯ ವಾನರ ಮಾದರಿಯಿಂದಲೂ ಅದೇ ಅಳತೆಯನ್ನು ಅಷ್ಟೇ ಸಂಖ್ಯೆಯಲ್ಲಿ ಅಳಿಸಿ, ಆಮೇಲೆ ಹೋಲಿಸಿದರು. ಅವರಿಗೆ ಬಂದದ್ದು ಮನುಷ್ಯ, ಚಿಂಪಾಂಜಿಗಿಂತ ಹೆಚ್ಚಿನ ವ್ಯತ್ಯಾಸ. ಇಲ್ಲದ ಅಂಕಿ ತುಂಬುವುದಕ್ಕಿಂತ ಆಧಾರದಿಂದಲೂ ತೆಗೆದುಬಿಡುವ ಈ ಉಪಾಯ ನನಗೆ ಹೆಚ್ಚು ಹಿಡಿಸುತ್ತದೆ.

ಗುಂಡುಕಲ್ಲು

ಕಾಲದ ಪ್ರಶ್ನೆಯನ್ನೂ ಬಿಡಬಾರದು. ಹದಾರ್‌ನ ಮೂಳೆಗಳು ಸುಮಾರು 34ರಿಂದ 30 ಲಕ್ಷ ವರ್ಷಗಳ ನಡುವೆ ಹರಡಿವೆ. ಗೊರಿಲ್ಲಾ ಸಂಗ್ರಹ ಕೆಲವು ದಶಕಗಳದ್ದು. ನಾಲ್ಕು ಲಕ್ಷ ವರ್ಷದಲ್ಲಿ ಪ್ರಭೇದವೇ ಬದಲಾಗಿದ್ದರೆ ಸಿವಿ ತಾನಾಗಿ ಏರುತ್ತದೆ.

ಮೊದಲ-ಕೊನೆಯ ಪಳೆಯುಳಿಕೆಯ ದಿನಾಂಕಗಳಿಗೂ ಸಣ್ಣ ಮಾದರಿಯ ಲೆಕ್ಕ ಉಂಟು. ಎಚ್ ಪದರಗಳಲ್ಲಿ ಸಿಕ್ಕಿದ್ದು, ಮೊದಲು-ಕೊನೆಯ ಅಂತರ ಒಂದು ಎಂದಾದರೆ, ಶೇ 95 ವಿಶ್ವಾಸಕ್ಕೆ ಒಂದು ತುದಿಯಲ್ಲಿ ಸೇರಿಸಬೇಕಾದ್ದು: 20ರ 1/(ಎಚ್−1) ಘಾತ, ಅದರಿಂದ 1 ಕಳೆ. ಐದು ಪದರವಾದರೆ 1.1, ಅಂದರೆ ಗೊತ್ತಿರುವ ಆಯುಷ್ಯಕ್ಕಿಂತಲೂ ಹೆಚ್ಚು ಸೇರಿಸಬೇಕು! ಹತ್ತಾದರೆ 0.4. ಒಂದೇ ಪದರವಾದರೆ ಸೊನ್ನೆಯಿಂದ ಭಾಗಾಕಾರ, ಸೂತ್ರವೇ ಕೆಲಸ ಮಾಡುವುದಿಲ್ಲ. ದಕ್ಷಿಣ ಆಫ್ರಿಕಾದ ಮಲಾಪಾದಲ್ಲಿ ಮಾತ್ರ ಸಿಕ್ಕ ಆಸ್ಟ್ರಲೋಪಿಥೆಕಸ್ ಸೆಡಿಬಾ (19.8 ಲಕ್ಷ ವರ್ಷ) ಆ ಸ್ಥಿತಿಯಲ್ಲಿದೆ. ಅದಕ್ಕೇ 2019ರಲ್ಲಿ ಡು ಮತ್ತು ಅಲೆಮ್‌ಸೆಗೆಡ್ ಬೇರೆ ಮಾನವ ಪೂರ್ವಜ ಪ್ರಭೇದಗಳ ಆಯುಷ್ಯವನ್ನು ಎರವಲು ಪಡೆದು, ಇಥಿಯೋಪಿಯಾದ ಲೇಡಿ-ಗೆರಾರುವಿನಲ್ಲಿ ಸಿಕ್ಕ 28 ಲಕ್ಷ ವರ್ಷದ ದವಡೆಯ ಹೋಮೋಗೆ (ನಮ್ಮದೇ ಕುಲಕ್ಕೆ) ಸೆಡಿಬಾ ಪೂರ್ವಜ ಆಗಿರುವ ಸಂಭವ ಶೇ 0.09 ಎಂದರು. ಆ ಅಂಕಿಯ ಭಾರವೆಲ್ಲ ಎರವಲು ತಂದ ಆಯುಷ್ಯದ ಮೇಲಿದೆ.

ಚಿಕ್ಕಮಾದರಿ

ಎರವಲು ತಪ್ಪಲ್ಲ, ಬಚ್ಚಿಡುವುದು ತಪ್ಪು. ಮೊದಲೇ ಗೊತ್ತಿರುವುದನ್ನು ಲೆಕ್ಕದೊಳಗೆ ಸೇರಿಸುವ ಬೇಸಿಯನ್ ವಿಧಾನ ಮಾಡುವವರಿಗೂ ಇದನ್ನೇ ಹೇಳುವುದು. ವಾನರ ಪ್ರಭೇದಗಳ ಸಿವಿ ಬಹುತೇಕ 7ರಿಂದ 17ರೊಳಗೆ ಎಂಬ ಪೂರ್ವ ತಿಳಿವಳಿಕೆ ಹಾಕಿದರೆ ದ್ಮನಿಸಿಯ 6.4–30.7 ಚೆನ್ನಾಗಿ ಕಿರಿದಾಗುತ್ತದೆ. ಕಿರಿದು ಮಾಡಿದ್ದು ಐದು ಬುರುಡೆಯಲ್ಲ, ಆ ಪೂರ್ವ ತಿಳಿವಳಿಕೆ. ಎರಡು-ಮೂರು ಬೇರೆ ಪೂರ್ವ ಹಂಚಿಕೆ ಹಾಕಿ ಉತ್ತರ ಎಷ್ಟು ಅಲುಗುತ್ತದೆ ಎಂದು ಪಕ್ಕದಲ್ಲೇ ತೋರಿಸಿ. "ಒಂದೇ ಪ್ರಭೇದದ ಸಿವಿ ಎಷ್ಟಿರುತ್ತದೆ" ಎಂಬುದನ್ನೇ ಪೂರ್ವ ಹಂಚಿಕೆಯಲ್ಲಿ ಹಾಕಿ, ಕೊನೆಗೆ "ಒಂದೇ ಪ್ರಭೇದ" ಎಂದು ತೀರ್ಮಾನ ತೆಗೆದರೆ ಅದು ಹಾಕಿದ್ದನ್ನೇ ಮರಳಿ ತೆಗೆದದ್ದು.

ಮತ್ತೆ, ಇಪ್ಪತ್ತು ಅಳತೆ ಪರೀಕ್ಷಿಸಿ ಒಂದರಲ್ಲಿ 0.04 ಬಂತೆಂದು ಅದನ್ನೇ ಶೀರ್ಷಿಕೆ ಮಾಡಬೇಡ್ರಿ. ಇಪ್ಪತ್ತರಲ್ಲಿ ಒಂದು ಬರಬೇಕಾದ್ದೇ.

ಶಾಲ್ಮಲಾ

ತುಂಬಾ ಉಪಕಾರವಾಯಿತು. ಕೊನೆಯದಾಗಿ ಒಂದು. ಪೀಠಿಕೆಯಲ್ಲಿ ನರ್ಮದಾ ಕಣಿವೆಯ ಹತ್ನೋರಾ ಬುರುಡೆಯನ್ನು ಸೇರಿಸಬೇಕೆಂದಿದೆ. ಅಲ್ಲಿ ಇರುವುದೇ ಒಂದು. ಸಿವಿ ಇಲ್ಲ, ಏನು ಬರೆಯಲಿ?

ಹಳೆಮೂಳೆ

1982ರ ಡಿಸೆಂಬರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅರುಣ್ ಸೋನಾಕಿಯಾ ಅವರಿಗೆ ಸಿಕ್ಕದ್ದು. ಉಳಿದಿರುವುದು ಮುಖ್ಯವಾಗಿ ಬಲಭಾಗ, ಎಡಭಾಗ ಬಹಳಷ್ಟು ಇಲ್ಲ. ಹಾಗಾಗಿ ಮಿದುಳಿನ ಗಾತ್ರಕ್ಕೆ ಪ್ರಕಟವಾಗಿರುವ ಅಂದಾಜುಗಳೇ 1155ರಿಂದ 1421 ಸಿಸಿವರೆಗೆ ಇವೆ. ಅಂತರ 266 ಸಿಸಿ. ಇಂದಿನ ಒಂದು ಜನಸಮುದಾಯದೊಳಗಿನ ಮಾನಕ ವಿಚಲನೆಯೇ ಸುಮಾರು 110–130 ಸಿಸಿ. ಒಂದೇ ಬುರುಡೆಯ ಅಂದಾಜಿನ ಗೊಂದಲ ಜನರ ನಡುವಿನ ವ್ಯತ್ಯಾಸದ ಎರಡರಷ್ಟಿದೆ.

ಸರಾಸರಿ 1288 ಎಂದು ಮಾತ್ರ ಬರೆಯಬೇಡಿ, ಅದು ಯಾರೂ ಅಳೆಯದ ಅಂಕಿ. ಎರಡು ತುದಿಗಳನ್ನೂ ಬೇರೆಬೇರೆಯಾಗಿ ಆಧಾರ ಗುಂಪಿಗೆ ಹೋಲಿಸಿ, ಮೇಲೆ ಎಣಿಕೆಮನೆ ಅವರು ಕೊಟ್ಟ √(1 + 1/ಎನ್) ಸೂತ್ರದಲ್ಲಿ ಎರಡು ಟಿ ಬೆಲೆ ಕೊಡಿ. ಎರಡೂ ತುದಿಗಳಿಗೆ ಒಂದೇ ಉತ್ತರ ಬಂದರೆ ಆ ಉತ್ತರ ಬರೆಯಿರಿ. ಬೇರೆ ಬಂದರೆ ಎರಡನ್ನೂ ಬರೆದು, ಯಾವ ಅಂದಾಜು ಬುರುಡೆಯ ಎಡಭಾಗವನ್ನು ಹೇಗೆ ತುಂಬಿಕೊಂಡಿತು ಎಂಬುದನ್ನು ಅಡಿಯಲ್ಲಿ ಒಂದು ಸಾಲು ಹಾಕಿ.

ಎಣಿಕೆಮನೆ

ಇದಕ್ಕೆ ಒಂದು ಸೇರಿಸಿ: ಆಧಾರ ಗುಂಪಿನ ಗಾತ್ರಗಳೂ ಸಿಟಿಯಿಂದ ಬಂದವೋ, ಕಾಳು ತುಂಬಿ ಬಂದವೋ ಎಂಬ ಕಾಲಂ ಕೋಷ್ಟಕದಲ್ಲಿ ಇರಲಿ. ದ್ಮನಿಸಿ ಕೋಷ್ಟಕದಲ್ಲೂ ಹಾಗೇ, 1ನೇ ಬುರುಡೆಯ ಎದುರು 730, ಪಕ್ಕದಲ್ಲಿ 775, ಎರಡಕ್ಕೂ ಸಿವಿ.